ಕರಡಿ ಗುರುತಿನ ಚೀಲಗಳು

ಐದನೆಯ ಕುರಿ ಸತ್ತ ಬೆಳಿಗ್ಗೆ ಮಾರಕ್ಕ ಚೂರಿ ಎತ್ತಿಕೊಂಡಳು.

ಗಂಡ ಚಿನ್ನಪ್ಪ ಬೇಡವೆಂದ. ಹಟ್ಟಿಯಲ್ಲಿ ತಾನಾಗಿ ಸತ್ತ ಕುರಿಯನ್ನು ಕೊಯ್ಯುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಅದು ಮಾರಮ್ಮನ ಪಾಲು. ಹಾಗೇ ಎತ್ತಿಕೊಂಡು ಹೋಗಿ ಗುಂಡಿಗೆ ಹಾಕಿ, ಮೇಲೆ ಮುಳ್ಳು ಹರಡಿ, ತಿರುಗಿ ನೋಡದೆ ಬರಬೇಕು. ಹಿಂದಿನ ನಾಲ್ಕಕ್ಕೂ ಹಾಗೇ ಮಾಡಿದ್ದ. ಹಟ್ಟಿಯ ಬಾಯಿಗೆ ಬೇವಿನ ಸೊಪ್ಪು ಕಟ್ಟಿದ್ದ. ಒಂದು ಹೊತ್ತಿನ ಊಟ ಬಿಟ್ಟಿದ್ದ. ಅಮ್ಮ ಯಾಕೋ ಮುನಿದಿದ್ದಾಳೆ ಎಂದೇ ಅವನು ನಂಬಿದ್ದ.

ಮಾರಕ್ಕನ ನಂಬಿಕೆ ಮೂರನೆಯ ಕುರಿಗೇ ಕೆಟ್ಟಿತ್ತು. ಅಮ್ಮ ಬಂದರೆ ಮೈಮೇಲೆ ಬೊಕ್ಕೆ ಏಳುತ್ತವೆ, ಮೂಗು ಸೋರುತ್ತದೆ. ಇವಕ್ಕೆ ಅದೇನೂ ಇಲ್ಲ. ಮೇವು ಬಿಡುತ್ತವೆ. ಮೆಲುಕು ನಿಲ್ಲುತ್ತದೆ. ಎಡಪಕ್ಕೆ ಉಬ್ಬುತ್ತದೆ. ಹಲ್ಲು ಕಡಿಯುತ್ತ ನಿಂತಲ್ಲೇ ನಿಂತು ಒಂದು ದಿನ ಮೊಣಕಾಲೂರಿದರೆ ಮತ್ತೆ ಏಳುವುದಿಲ್ಲ. ಯಾವ ಅಮ್ಮನ ಕಾಟವೂ ಹೀಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊಟ್ಟೆ ಸೀಳಿದಳು. ಕೆಟ್ಟ ಗಾಳಿ ಬುಸ್ಸೆಂದು ಹೊರಬಂತು. ದೊಡ್ಡ ಹೊಟ್ಟೆಯೊಳಗೆ ಮೊಣಕೈತನಕ ಕೈ ಹಾಕಿದಾಗ ಗಟ್ಟಿಯಾದದ್ದು ಒಂದು ಸಿಕ್ಕಿತು. ಎಳೆದಳು, ಬರಲಿಲ್ಲ. ಪಕ್ಕೆಲುಬಿಗೆ ಕಾಲು ಕೊಟ್ಟು ಎಳೆದಳು. ಹೊಸೆದು ಹೊಸೆದು ಹಗ್ಗದ ಉಂಡೆಯಂತಾದ ಮುದ್ದೆ, ಎರಡು ಕೈಗೂ ದೊಡ್ಡದು. ಕುರಿ ನೀರು ಕುಡಿಯುವ ಕಲ್ಲುತೊಟ್ಟಿಯ ಪಕ್ಕ ಅದರ ಮೇಲೆ ನೀರು ಹೊಯ್ದಳು. ಹಳದಿ ಬಣ್ಣ ಕಾಣಿಸಿತು. ಉಗುರಿನಿಂದ ಒಂದನ್ನು ಬಿಡಿಸಿ ಹರಡಿದಳು. ಚಿಪ್ಸ್ ಪ್ಯಾಕೆಟ್ಟು. ಅದರ ಮೇಲೆ ಕರಡಿ ಹಲ್ಲು ಬಿಟ್ಟು ನಗುತ್ತಿತ್ತು. ಹೊಟ್ಟೆಯಲ್ಲಿದ್ದ ಮೇವೆಲ್ಲ ಕೊಳೆತಿತ್ತು, ಪ್ಯಾಕೆಟ್ಟಿನ ಬಣ್ಣ ಮಾಸಿರಲಿಲ್ಲ.

ಆ ಸೀಮೆಯ ಕಾಡಿನಲ್ಲಿ ಕರಡಿಗಳಿವೆ. ಮೂವತ್ತು ವರ್ಷದಲ್ಲಿ ಒಂದು ಕರಡಿಯೂ ಅವರ ಒಂದು ಮರಿಯನ್ನು ಮುಟ್ಟಿರಲಿಲ್ಲ. ಈ ಪ್ಯಾಕೆಟ್ಟಿನ ಕರಡಿ ಒಂದೇ ತಿಂಗಳಲ್ಲಿ ಐದು ತಿಂದಿತ್ತು.

ಮಾರಕ್ಕ ತಲೆಯೆತ್ತಿ ಹಟ್ಟಿಯ ಪಡುವಣ ಬದಿ ನೋಡಿದಳು. ಅಲ್ಲಿ ಬೇಲಿಗೆ ಒತ್ತಿ ನಲವತ್ತು ಚೀಲ ಗೋಡೆಯಂತೆ ನಿಂತಿದ್ದವು. ಎಲ್ಲದರಲ್ಲೂ ಇದೇ ಪ್ಯಾಕೆಟ್ಟು. ಕೆಳಗಿನ ಸಾಲಿನ ಚೀಲಗಳಿಗೆ ಕುರಿಯ ಬಾಯೆತ್ತರದಲ್ಲಿ ತೂತು ಬಿದ್ದಿತ್ತು. ಅಂಚು ಕಡಿದು ಕಡಿದು ನಾರಾಗಿತ್ತು. ಅಲ್ಲಿ ಒಟ್ಟಿದವಳು ಅವಳೇ. ಚಿನ್ನಪ್ಪನೂ ಅತ್ತ ನೋಡಿದ. ಬಾಯಿಬಿಟ್ಟು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಸತ್ತ ಕುರಿಯ ಕಾಲು ಹಿಡಿದು ಗುಂಡಿಯ ಕಡೆ ಎಳೆದುಕೊಂಡು ಹೋದ.

ಊರು ಬೇಲದಹಳ್ಳಿ. ಸರ್ಕಾರದ ತಮಿಳು ಕಾಗದದಲ್ಲಿ ವಿಳಾಂಪಟ್ಟಿ. ಪೆನ್ನಾಗರಂನಿಂದ ಒಗೇನಕಲ್ಲಿಗೆ ಹೋಗುವ ದಾರಿಯ ಬದಿಗಿದೆ. ಜಲಪಾತ ನೋಡಲು ಬರುವ ಬಸ್ಸು, ಕಾರುಗಳೆಲ್ಲ ಈ ಊರಿನ ಮುಂದೆಯೇ ಹಾಯುತ್ತವೆ, ಕಿಟಕಿಯಿಂದ ಕೈ ಹೊರಗೆ ಬರುತ್ತದೆ, ಪ್ಯಾಕೆಟ್ಟು ಬೀಳುತ್ತದೆ. ಬಿದ್ದದ್ದನ್ನು ಎತ್ತುವವಳು ಮಾರಕ್ಕ. ಊರಾಟ್ಚಿಯವರು, ಅಂದರೆ ಪಂಚಾಯಿತಿಯವರು, ಅವಳಿಗೆ ಕೊಟ್ಟಿದ್ದ ಹೆಸರು ತೂಯ್ಮೈ ಕಾವಲರ್, ಶುಚಿತ್ವದ ಕಾವಲುಗಾರ್ತಿ. ಹೆಸರು ಕೇಳಿದರೆ ಕೈಯಲ್ಲಿ ಕೋವಿಯೇ ಇರಬೇಕು ಅನ್ನಿಸುತ್ತದೆ. ಇದ್ದದ್ದು ಒಂದು ಕಬ್ಬಿಣದ ಕೊಕ್ಕೆ, ಒಂದು ಚೀಲ.

ಬೆಳಿಗ್ಗೆ ಆರಕ್ಕೆ ಬಗ್ಗಿದರೆ ಹನ್ನೊಂದಕ್ಕೆ ಸೊಂಟ ನೆಟ್ಟಗಾಗುತ್ತಿತ್ತು. ಪ್ಯಾಕೆಟ್ಟಿನ ಜೊತೆಗೆ ಒಡೆದ ಬಾಟಲಿ, ಮಕ್ಕಳ ಹೇಲು ಸುತ್ತಿ ಎಸೆದ ಬಟ್ಟೆ, ಹೆಂಗಸರ ಬಟ್ಟೆ, ವಾಂತಿ ಕಟ್ಟಿದ ಕವರು. ಎಲ್ಲಕ್ಕೂ ಬರಿಗೈ. ಎರಡು ಬೆರಳಿನ ಉಗುರು ಉದುರಿ ಬೇರೆ ಬಂದಿದ್ದವು. ಪ್ಯಾಕೆಟ್ಟಿನೊಳಗಿನ ಖಾರದೆಣ್ಣೆ ಗಾಯಕ್ಕೆ ಹತ್ತಿ ಕೈ ಸಂಜೆತನಕ ಉರಿಯುತ್ತಿತ್ತು. ಕುರಿ ಮೇಯಿಸುತ್ತಿದ್ದಾಗ ಮುಖ್ಯರಸ್ತೆಯ ಚಾ ಅಂಗಡಿಯವನು ಅವಳಿಗೂ ಗಾಜಿನ ಲೋಟದಲ್ಲೇ ಚಾ ಕೊಡುತ್ತಿದ್ದ. ಈ ಕೆಲಸಕ್ಕೆ ಸೇರಿದ ವಾರದಿಂದ ಕಾಗದದ ಕಪ್ಪು ಬಂತು. ಚಾ ಕುಡಿದ ಮೇಲೆ ಆ ಕಪ್ಪನ್ನು ಎತ್ತಬೇಕಾದವಳೂ ಅವಳೇ.

ಎರಡು ವರ್ಷದ ಹಿಂದೆ ಸೇಲಂನಿಂದ ನಾಗರಾಜನ್ ಎಂಬವನು ಬಂದ. ಕರಡಿ ಗುರುತಿನ ಕಂಪನಿಯ ಪರವಾಗಿ ಕಸ ಕೂಡಿಸುವ ಏಜೆನ್ಸಿಯವನು. ಮಾರಕ್ಕನನ್ನೂ ಅವಳ ಜೊತೆ ಕೆಲಸ ಮಾಡುವ ಐದು ಹೆಂಗಸರನ್ನೂ ಕೂರಿಸಿ ತಮಿಳಿನಲ್ಲಿ ವಿವರಿಸಿದ. ಈಗ ಹೊಸ ಕಾನೂನು ಬಂದಿದೆ, ಪ್ಯಾಕೆಟ್ಟು ಮಾಡಿದವರೇ ಅದರ ಕಸಕ್ಕೂ ಜವಾಬುದಾರರು, ಮಾರಿದಷ್ಟನ್ನು ವಾಪಸು ಎತ್ತಿ ವಿಲೇವಾರಿ ಮಾಡಿದ್ದೇವೆ ಎಂದು ಸರ್ಕಾರಕ್ಕೆ ಲೆಕ್ಕ ತೋರಿಸಬೇಕು. ನೀವು ಕರಡಿ ಪ್ಯಾಕೆಟ್ಟನ್ನು ಬೇರೆ ಮಾಡಿ ಚೀಲ ಕಟ್ಟಿಡಿ, ನಮ್ಮ ಲಾರಿ ಬಂದು ಒಯ್ಯುತ್ತದೆ.

ಬೇರೆಯವರಿಗೆ ಅದನ್ನು ಎರಡು ಸಲ ಹೇಳಬೇಕಾಯಿತು. ಮಾರಕ್ಕನಿಗೆ ಮೊದಲನೆಯ ಸಲವೇ ತಿಳಿಯಿತು. ಕುರಿಯವರಲ್ಲಿ ಇದೇ ಕಟ್ಟಳೆ. ಒಂದೊಂದು ಮನೆಗೆ ಒಂದೊಂದು ಕಿವಿಗುರುತು. ಚಿನ್ನಪ್ಪನ ಮನೆಯದು ಎಡಗಿವಿಗೆ ಎರಡು ಕಚ್ಚು. ಬೇರೆ ಗುರುತಿನ ಕುರಿ ತಪ್ಪಿಸಿಕೊಂಡು ನಮ್ಮ ಮಂದೆಗೆ ಬಂದರೆ ಇಟ್ಟುಕೊಳ್ಳುವ ಹಾಗಿಲ್ಲ. ಹಗ್ಗ ಹಾಕಿ ಗುರುತಿನವನ ಹಟ್ಟಿಗೆ ಹೊಡೆದುಕೊಂಡು ಹೋಗಿ, ಹೊರಗೆ ನಿಂತು ಮೂರು ಸಲ ಕೂಗಬೇಕು. ಅವನು ಎದ್ದು ಬಂದು ಕುರಿಯ ಕಿವಿ ಮುಟ್ಟಿ 'ನಮ್ದು' ಅನ್ನಬೇಕು. ಕುಂಟು ಕುರಿಯೋ, ಕಜ್ಜಿ ಕುರಿಯೋ, ಯಾರದೋ ಹೊಲ ಮೇದು ಬಂದ ಕುರಿಯೋ, ಅಲ್ಲ ಅನ್ನುವ ಹಾಗಿಲ್ಲ. ಅವನು ಅನ್ನುವ ತನಕ ತಂದವನು ಹೊರಡುವ ಹಾಗಿಲ್ಲ. ಈ ಕಟ್ಟಳೆ ದೊಡ್ಡವರಿಗೂ ಬಂತಲ್ಲ ಎಂದು ಮಾರಕ್ಕ ಅವತ್ತು ನಿಜಕ್ಕೂ ಸಂತೋಷಪಟ್ಟಳು. ಹುಚ್ಚಿ.

ಮೊದಲ ಸಲ ಲಾರಿ ಬಂತು. ಲಾರಿಗಿಂತ ಮೊದಲು ಕ್ಯಾಮೆರಾ ಬಂತು. ಹೆಂಗಸರನ್ನು ಚೀಲಗಳ ಮುಂದೆ ಸಾಲಾಗಿ ನಿಲ್ಲಿಸಿ ಕೈಗೆ ನೀಲಿ ಗ್ಲೌಸು ಹಾಕಿಸಿದರು, ಹೆಗಲಿಗೆ ಶಾಲು ಹೊದಿಸಿದರು, ನಗಿ ಎಂದರು. ಫೋಟೊ ಆದ ಮೇಲೆ ನಾಗರಾಜನ್ ಒಂದು ಡಬ್ಬಿ ಹಿಡಿದು ಬಂದ. ಗ್ಲೌಸನ್ನು ಅದಕ್ಕೆ ವಾಪಸು ಹಾಕಬೇಕಂತೆ, ಮುಂದಿನ ಊರಿಗೆ ಬೇಕಂತೆ. ಮಾರಕ್ಕ ಬೆವರಿದ ಕೈಯಿಂದ ಅದನ್ನು ಕಿತ್ತು ಹಾಕಿದಳು. ಮಾರನೆಯ ಬೆಳಿಗ್ಗೆ ಅದೇ ಬರಿಗೈ, ಅದೇ ಹೇಲು ಬಟ್ಟೆ.

ಆಮೇಲೆ ಲಾರಿ ಬರಲಿಲ್ಲ. ನಾಗರಾಜನ್ ಬರುತ್ತಿದ್ದ, ಚೀಲ ತೂಗುತ್ತಿದ್ದ, ಬೋರ್ಡು ನಿಲ್ಲಿಸಿ ಫೋಟೊ ಹಿಡಿಯುತ್ತಿದ್ದ, ಕೈಯೆಳುತ್ತು, ಅಂದರೆ ಸಹಿ, ಹಾಕಿಸಿಕೊಳ್ಳುತ್ತಿದ್ದ. ಮಾರಕ್ಕನಿಗೆ ಬರೆಯಲು ಬರುವುದು ತನ್ನ ಹೆಸರೊಂದೇ, ಅದೂ ತಮಿಳಿನಲ್ಲಿ. ಬೆರಳು ತೋರಿಸಿದ ಕಡೆ ಬರೆಯುತ್ತಿದ್ದಳು. ಲಾರಿ ಕೇಳಿದರೆ 'ವರುಮ್ಮಾ, ವರುಮ್', ಬರುತ್ತಮ್ಮಾ ಬರುತ್ತೆ, ಎಂದು ಬೈಕು ಹತ್ತುತ್ತಿದ್ದ.

ಊರಾಟ್ಚಿಯ ಕಸದ ಶೆಡ್ಡಿನ ತಗಡು ವೈಕಾಸಿ ತಿಂಗಳ ಮಳೆಗೆ ಹಾರಿಹೋಯಿತು. ಚೀಲಗಳು ಬಿಚ್ಚಿ ಪ್ಯಾಕೆಟ್ಟೆಲ್ಲ ಮತ್ತೆ ರಸ್ತೆಗೆ ಬಂದವು. ತಲೈವರ್ ಅಣ್ಣಾಮಲೈ, ಪಂಚಾಯಿತಿಯ ಅಧ್ಯಕ್ಷ, ನಡುರಸ್ತೆಯಲ್ಲಿ ನಿಲ್ಲಿಸಿಕೊಂಡು ಮಾರಕ್ಕನನ್ನು ಬೈದ. ಎಲ್ಲಿಡುತ್ತೀಯೋ ನನಗೆ ಗೊತ್ತಿಲ್ಲ, ಕಣ್ಣಿಗೆ ಬೀಳಬಾರದು. ಅವಳು ಎಲ್ಲವನ್ನೂ ಎರಡನೆಯ ಸಲ ಹೆಕ್ಕಿದಳು. ನಲವತ್ತು ಚೀಲ ಕಟ್ಟಿ, ತಲೆಯ ಮೇಲೆ ಹೊತ್ತು ಮನೆಗೆ ತಂದಳು. ಮೇಚೇರಿ ತಳಿಯ ಕುರಿಗೆ ಮೈಮೇಲೆ ಉಣ್ಣೆಯಿಲ್ಲ. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬೀಸಿದರೆ ಮರಿಗಳು ನಡುಗುತ್ತವೆ. ಚೀಲಗಳನ್ನು ಪಡುವಣ ಬೇಲಿಗೆ ಒಟ್ಟಿದರೆ ಗಾಳಿಯೂ ನಿಲ್ಲುತ್ತದೆ, ಲಾರಿ ಬರುವ ತನಕ ಚೀಲವೂ ಜೋಪಾನ ಎಂದು ಲೆಕ್ಕ ಹಾಕಿದಳು. ಮರಿಗಳು ಬೆಚ್ಚಗೆ ಮಲಗಿದವು.

ಕುರಿಗೆ ಉಪ್ಪೆಂದರೆ ಪ್ರಾಣ. ಅಮಾವಾಸ್ಯೆಗೊಮ್ಮೆ ಬಂಡೆಯ ಮೇಲೆ ಉಪ್ಪು ಸುರಿದರೆ ಇಡೀ ಮಂದೆ ಕಲ್ಲು ಸವೆಯುವ ಹಾಗೆ ನೆಕ್ಕುತ್ತದೆ. ಇದು ಮಾರಕ್ಕನಿಗೆ ಹುಟ್ಟಿದಾಗಿನಿಂದ ಗೊತ್ತು. ಕರಡಿ ಪ್ಯಾಕೆಟ್ಟಿನೊಳಗೆ ಅಂಟಿದ್ದೂ ಉಪ್ಪು ಖಾರವೇ. ಅದೂ ಗೊತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ, ಅಷ್ಟೇ ಅವಳ ತಪ್ಪು.

ಮುದ್ದೆಯನ್ನು ಗೋಣಿ ತುಂಡಿನಲ್ಲಿ ಸುತ್ತಿಕೊಂಡು ಅವಳು ಊರಾಟ್ಚಿ ಆಫೀಸಿಗೆ ಹೋದಳು. ಜೊತೆಗೆ ಅಣ್ಣನ ಮಗಳು ಧನಲಕ್ಷ್ಮಿ. ಅವಳೂ ಕಸದ ಕೆಲಸದವಳೇ, ಹತ್ತನೆಯ ಕ್ಲಾಸು ಓದಿದವಳು, ಹೇಳುವುದನ್ನು ಮುಖಕ್ಕೆ ಹೇಳುವವಳು. ಆಫೀಸಿನ ಗುಮಾಸ್ತೆ ಸುಗನ್ಯಾ ಕಂಪ್ಯೂಟರಿನಲ್ಲಿ ಹುಡುಕಿ, ಆ ಚೀಲಗಳು ನಿಮ್ಮ ಹತ್ತಿರ ಇರುವುದಕ್ಕೆ ಹೇಗೆ ಸಾಧ್ಯ ಎಂದು ಕೇಳಿದಳು. ಕಂಪನಿ ಅವನ್ನೆಲ್ಲ ವಾಪಸು ತೆಗೆದುಕೊಂಡಾಗಿದೆ. ಸಿಮೆಂಟ್ ಫ್ಯಾಕ್ಟರಿಯ ಒಲೆಯಲ್ಲಿ ಸುಟ್ಟೂ ಆಗಿದೆ. ಕಂಪನಿಗೆ ಅದರ ಸರ್ಟಿಫಿಕೇಟೂ ಬಂದಿದೆ. ಕೆಳಗೆ ಮಾರಕ್ಕನ ಕೈಯೆಳುತ್ತು ಇತ್ತು. ಒಂದು ಕಡೆಯಲ್ಲ, ಮೂರು ಕಡೆ. ಅದೇ ನಲವತ್ತು ಚೀಲ ಮೂರು ಫೋಟೊದಲ್ಲಿ ನಿಂತು, ಮೂರು ಸಲ ತೂಕವಾಗಿ, ಮೂರು ಸಲ ಸುಟ್ಟುಹೋಗಿದ್ದವು.

ಧನಲಕ್ಷ್ಮಿ ಅದನ್ನು ಓದಿ ಹೇಳಿದಾಗ ಮಾರಕ್ಕ ಬಹಳ ಹೊತ್ತು ತನ್ನ ಹೆಸರನ್ನೇ ನೋಡಿದಳು. ಅವಳ ಕೈಬರಹವೇ. ಕೊನೆಯ ಅಕ್ಷರ ಸೊಟ್ಟಗೆ. ಕುರಿಗಳನ್ನು ಕೊಂದದ್ದಕ್ಕೂ ಸಾಕ್ಷಿ ತಾನೇ, ಕೊಂದ ಚೀಲಗಳು ಇಲ್ಲಿ ಇಲ್ಲವೇ ಇಲ್ಲ ಅನ್ನುವುದಕ್ಕೂ ಸಾಕ್ಷಿ ತಾನೇ.

ಬರುವ ಗುರುವಾರ ಕಂಪನಿಯ ಮ್ಯಾನೇಜರು ಬರುತ್ತಾರೆ, ಹೇಳುವುದಿದ್ದರೆ ಅವರಿಗೇ ಹೇಳಿ ಎಂದಳು ಸುಗನ್ಯಾ. ಗುರುವಾರದ ಹೊತ್ತಿಗೆ ಇನ್ನೂ ಎರಡು ಕುರಿ ಬಿದ್ದವು. ಎರಡನ್ನೂ ಮಾರಕ್ಕ ಕೊಯ್ದಳು. ಈ ಸಲ ಚಿನ್ನಪ್ಪ ಬೇಡವೆನ್ನಲಿಲ್ಲ.

ಗುರುವಾರ ಬೆಳಿಗ್ಗೆ ಊರಾಟ್ಚಿ ಆಫೀಸಿನ ಮುಂದೆ ಶಾಮಿಯಾನ, ಕುರ್ಚಿ, ಹೊಸ ಬೋರ್ಡು. ನಾಗರಾಜನ್ ತಾನೇ ವ್ಯಾನು ತಂದು ಮಾರಕ್ಕನ ಹಟ್ಟಿಯಿಂದ ನಲವತ್ತು ಚೀಲವನ್ನೂ ತರಿಸಿದ್ದ. ಇಷ್ಟು ದಿನ ಶೆಡ್ಡಿಗೆ ಬಾರದ ವ್ಯಾನು ಫೋಟೊಗೆ ಬಂದಿತ್ತು. ಕಡಿದ ತೂತು ಕಾಣದಂತೆ ಚೀಲಗಳನ್ನು ಮಗ್ಗುಲು ತಿರುಗಿಸಿಟ್ಟಿದ್ದರು. ಶಾಲು ಬಂತು. ಗ್ಲೌಸಿನ ಡಬ್ಬಿ ಬಂತು. ಮಾರಕ್ಕನ ಮುಂದೆ ಕಾಗದ ಹಿಡಿದು ನಾಗರಾಜನ್ ಬೆರಳು ತೋರಿಸಿದ.

ಅವಳು ಪೆನ್ನು ಮುಟ್ಟಲಿಲ್ಲ. ಗೋಣಿ ಗಂಟು ಬಿಚ್ಚಿ ಮೂರು ಮುದ್ದೆಗಳನ್ನು ತೂಕದ ಯಂತ್ರದ ಮೇಲಿಟ್ಟಳು. ನಾತ ಎದ್ದಿತು. ಮ್ಯಾನೇಜರು ಕರ್ಚೀಫು ಹಿಡಿದ.

ಇಷ್ಟು ದಿನ ಆಫೀಸಿನವರ ಮುಂದೆ ಅವಳು ತಮಿಳನ್ನೇ ಆಡಿದ್ದಳು, ಅದೂ ತಲೆ ತಗ್ಗಿಸಿ. ಅವತ್ತು ಬಾಯಿಗೆ ಬಂದದ್ದು ಮನೆಯ ಮಾತು, ಕನ್ನಡ.

"ಇದ್ನೂ ತೂಕ ಆಕ್ರಿ. ಇದೂ ನಿಮ್ದೇ. ನಮ್ ಕುರಿ ಹೊಟ್ಟೇಲಿ ಇಟ್ಟಿತ್ತು."

ಧನಲಕ್ಷ್ಮಿ ಅದನ್ನು ತಮಿಳಿನಲ್ಲಿ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡದೆ.

ಮ್ಯಾನೇಜರು ನಾಗರಾಜನ್ ಕಡೆ ನೋಡಿದ. ನಾಗರಾಜನ್ ಎಲ್ಲವನ್ನೂ ಸರಾಗವಾಗಿ ವಿವರಿಸಿದ. ಕಸದ ಚೀಲವನ್ನು ಕುರಿಹಟ್ಟಿಯಲ್ಲಿಡಲು ಯಾರೂ ಹೇಳಿರಲಿಲ್ಲ, ಇದು ಈ ಹೆಂಗಸಿನ ಅಲಕ್ಷ್ಯ. ಆದರೂ ಕೈಯೆಳುತ್ತು ಹಾಕಿದರೆ ಪರಿಹಾರಕ್ಕೆ ಕಂಪನಿಗೆ ಬರೆಯೋಣ. ಮ್ಯಾನೇಜರು ಮಾರಕ್ಕನಿಗೆ, ಮಗುವಿಗೆ ಹೇಳುವಂತೆ ಹೇಳಿದ: "ಇದು ಉಂಗ ತಪ್ಪುಮ್ಮಾ."

"ಔದು. ನನ್ ತಪ್ಪೇ," ಅಂದಳು ಮಾರಕ್ಕ. "ನಿಮ್ ಸಾಮಾನ್ನ ನನ್ ಮನೇಲಿ ಇಟ್ಕೊಂಡೆ. ಇನ್ ಇಟ್ಕೊಳಲ್ಲ. ತಗೊಂಡೋಗ್ರಿ."

ಅಣ್ಣಾಮಲೈ ಎದ್ದು ಬಂದು ಅವಳ ರಟ್ಟೆ ಹಿಡಿದ. ಊರಿನ ಮಾನ ತೆಗೆಯುತ್ತೀಯಾ, ಸುಮ್ಮನೆ ಬರೆದು ಹೋಗು ಎಂದು ಪೆನ್ನನ್ನು ಕೈಗೆ ತುರುಕಿದ. ಅವಳು ಬೆರಳು ಮುಚ್ಚಲಿಲ್ಲ. ಪೆನ್ನು ಕೆಳಗೆ ಬಿತ್ತು. ಇನ್ನೊಮ್ಮೆ ಎತ್ತಿ ಕೊಟ್ಟ. ಇನ್ನೊಮ್ಮೆ ಬಿತ್ತು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಗ್ಲೌಸು ಬಿಚ್ಚಿ ಡಬ್ಬಿಗೆ ಹಾಕಿದರು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಅಣ್ಣಾಮಲೈ ಎಲ್ಲರೆದುರು ಹೇಳಿದ. ಅವಳು ತೂಕದ ಯಂತ್ರದ ಮೇಲಿನ ಮುದ್ದೆಗಳನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು ಮನೆಗೆ ನಡೆದಳು.

ಮಧ್ಯಾಹ್ನ ಕಂಪನಿಯ ಕಾರು ಹೋಯಿತು, ವ್ಯಾನು ಖಾಲಿ ಹೋಯಿತು. ಚೀಲಗಳನ್ನು ಮಾತ್ರ ಯಾರೋ ತಂದು ಅವಳ ಹಟ್ಟಿಯ ಮುಂದೆಯೇ ಉರುಳಿಸಿ ಹೋಗಿದ್ದರು.

ಮಾರನೆಯ ದಿನ ಬೆಳಿಗ್ಗೆ ಕೆಂಪಿ ಮೊಣಕಾಲೂರಿತು. ಮಂದೆಯ ಮುಂದೆ ನಡೆಯುವ ಹಳೆಯ ಕುರಿ ಅದು, ಒಂಬತ್ತು ಮರಿ ಕೊಟ್ಟದ್ದು. ಚಿನ್ನಪ್ಪ ಅದರ ಪಕ್ಕೆ ಒತ್ತಿ ನೋಡಿದ. ಎದ್ದ. ಒಳಗೆ ಹೋಗಿ ಹಗ್ಗ ತಂದ, ತಪ್ಪಿ ಬಂದ ಕುರಿಯನ್ನು ಗುರುತಿನವನ ಮನೆಗೆ ಹೊಡೆಯುವ ಹಗ್ಗ. ಹೆಂಡತಿಯ ಜೊತೆ ಅವನು ಮಾತಾಡಿ ಎಂಟು ದಿನವಾಗಿತ್ತು.

"ಗುರ್ತಿರೋ ಸಾಮಾನು," ಅಂದ. "ನಡಿ, ಬಿಟ್ಟು ಬರಾನ."

ಟೊಮೆಟೊ ಸಾಗಿಸುವ ಕುಪ್ಪಸ್ವಾಮಿಯ ಚಿಕ್ಕ ಲಾರಿಗೆ ನಲವತ್ತು ಚೀಲ ಹೇರಿದರು. ಕೆಂಪಿಯನ್ನು ಮಾರಕ್ಕ ತೊಡೆಯ ಮೇಲೆ ಮಲಗಿಸಿಕೊಂಡಳು. ಧನಲಕ್ಷ್ಮಿ ಚೀಲಗಳ ಮೇಲೆ ಕೂತಳು. ಮೇಚೇರಿ ದಾಟುವಾಗ ಚಿನ್ನಪ್ಪ ಸಂತೆಮಾಳದ ಕಡೆ ನೋಡಿದ. ಕೆಂಪಿಯನ್ನು ಮರಿಯಾಗಿದ್ದಾಗ ಅಲ್ಲಿಂದಲೇ ಹೆಗಲ ಮೇಲೆ ತಂದಿದ್ದ. ನಂಗವಳ್ಳಿಯ ಈಚೆಗೆ, ರಸ್ತೆಯ ಬದಿಯಲ್ಲಿ, ಉದ್ದನೆಯ ಕಾಂಪೌಂಡು. ಗೇಟಿನ ಮೇಲೆ ಆಳೆತ್ತರದ ಕರಡಿ ನಗುತ್ತಿತ್ತು.

ಚೀಲಗಳನ್ನು ಗೇಟಿನ ಮುಂದೆ ಇಳಿಸಿದರು. ವಾಚ್‌ಮನ್ ಓಡಿ ಬಂದ. ಹೆಸರು ಶಿವಣ್ಣ ಎಂದು ಎದೆಯ ಮೇಲೆ ತಮಿಳಿನಲ್ಲಿ ಇತ್ತು. ತಮಿಳಿನಲ್ಲೇ ಗದರಿದ. ಯಾರು ನೀವು, ಯಾರ ಪರ್ಮಿಷನ್, ಎತ್ತಿ ಮೊದಲು. ಮಾರಕ್ಕ ಅವನ ಕಡೆ ನೋಡಲಿಲ್ಲ. ಗೇಟಿನ ಎದುರು ನಿಂತು, ಹಟ್ಟಿಯ ಮುಂದೆ ಕೂಗುವ ರಾಗದಲ್ಲಿ ಕೂಗಿದಳು.

"ನಿಮ್ ಗುರ್ತಿಂದು ಬಂದೈತೆ, ಬಂದು ನೋಡ್ರೋ."

ಶಿವಣ್ಣ ಅವಳ ಕಡೆ ತಿರುಗಿದ. ಅವನು ಮೇಟೂರು ಕಡೆಯವನು, ಕುರಿಯವರ ಮನೆಯವನು. ಆ ಕೂಗು ಅವನಿಗೆ ಗೊತ್ತಿತ್ತು. ಅವನ ಅಪ್ಪ ಎಷ್ಟೋ ಸಲ ಉಣ್ಣುತ್ತಿದ್ದ ಕೈಯಲ್ಲೇ ಎದ್ದು ಹೊರಗೆ ಹೋಗಿದ್ದ, ಆ ಕೂಗು ಕೇಳಿ.

ಎರಡನೆಯ ಸಲ ಕೂಗಿದಳು. ಒಳಗೆ, ಹೊಸ ಪ್ಯಾಕೆಟ್ಟು ತುಂಬಿದ ಲಾರಿಯೊಂದು ಗೇಟಿನ ತನಕ ಬಂದು ನಿಂತು ಹಾರನ್ ಹೊಡೆಯಿತು. ಮೂರನೆಯ ಸಲ ಕೂಗುವಾಗ ತೊಡೆಯ ಮೇಲಿನ ಸೀರೆ ಒದ್ದೆಯಾಗಿರುವುದು ಅವಳಿಗೆ ತಿಳಿಯಿತು. ಲಾರಿಯಲ್ಲಿ ಕೂತಾಗಲೇ ಕೆಂಪಿ ಉಚ್ಚೆ ಬಿಟ್ಟಿತ್ತು. ಈಗ ಚಿನ್ನಪ್ಪನ ತೋಳಿನಲ್ಲಿ ಕತ್ತು ಜೋತಿತ್ತು. ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ. ಅವನು ಅದನ್ನು ಚೀಲಗಳ ಮುಂದೆ ಮಲಗಿಸಿ ಟವಲಿನಿಂದ ಅದರ ಬಾಯಿಯ ನೊರೆ ಒರೆಸಿದ.

"ಇದ್ನಾದ್ರೂ ಎತ್ಕೊಂಡೋಗಕ್ಕ," ಶಿವಣ್ಣ ಈಗ ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಬೇಡಿದ. "ಲಾರಿ ಓಗ್ಬೇಕು. ನಂಗೆ ಬೈತಾರೆ."

"ಕಿವೀಲಿ ನಮ್ ಗುರ್ತೈತೆ. ಹೊಟ್ಟೇಲಿ ನಿಮ್ ಗುರ್ತೈತೆ," ಅಂದಳು ಮಾರಕ್ಕ. "ಮುಟ್ಟಿ ನಮ್ದು ಅನ್ನಣ್ಣ. ಹೊಂಟೋಯ್ತೀನಿ."

ಅವನ ಕೈ ಮುಂದೆ ಬಂತು. ಕೆಂಪಿಯ ಎಡಗಿವಿಯ ಎರಡು ಕಚ್ಚಿನ ತನಕ ಬಂದು ಅಲ್ಲೇ ನಿಂತು ಹಿಂದಕ್ಕೆ ಹೋಯಿತು.

"ನಾನಿಲ್ಲಿ ಕೂಲಿಯೋನಕ್ಕ. ನಾನನ್ನಂಗಿಲ್ಲ."

"ಅಂಗಾರೆ ಅನ್ನೋರ್ನ ಕರಿ."

ಲಾರಿಯವನು ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಅದರ ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು. ಶಿವಣ್ಣ ಟೋಪಿ ತೆಗೆದ. ಆಫೀಸಿನ ಗಾಜಿನ ಬಾಗಿಲ ಕಡೆ ತಿರುಗಿ, ಅಪ್ಪ ಸತ್ತ ಮೇಲೆ ಕೇಳದಿದ್ದ ಆ ರಾಗದಲ್ಲಿ ತಾನೇ ಕೂಗಿದ. ಮೂರು ಸಲ ಕೂಗಿದ. ಗಾಜಿನ ಹಿಂದೆ ಒಂದಿಬ್ಬರು ಎದ್ದು ನಿಂತು ನೋಡಿದರು, ಮತ್ತೆ ಕೂತರು. ಯಾರೂ ಬರಲಿಲ್ಲ. ಮಾರಕ್ಕ ಕೆಂಪಿಯ ತಲೆಯನ್ನು ಎತ್ತಿ ಮತ್ತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಗೇಟಿನ ಬೀಗದ ಕೈ ಶಿವಣ್ಣನ ಸೊಂಟದಲ್ಲೇ ಇತ್ತು. ಅವನು ಗೇಟು ತೆಗೆಯಲಿಲ್ಲ.